ಹಳೆ .315 ರೈಫಲ್‌ಗೆ ಮನೆಯಲ್ಲೇ ತೋಟಾ ತುಂಬಬಹುದಾ?

ಸಂಡೂರು ಕಣಿವೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ತಾತನ ಕಾಲದ ಇಶಾಪುರ ಕಾರ್ಖಾನೆಯ .315 ರೈಫಲ್ ಇದೆ. ಬೆಳೆ ಕಾಯೋಕೆ ಅಂತ ತಗೊಂಡಿದ್ದು. ಅಪ್ಪನ ನಂತರ ಲೈಸೆನ್ಸ್ ನನ್ನ ಹೆಸರಿಗೆ ಆಗಿದೆ, ಈಗ ರೇಂಜ್‌ಗೆ ಬಿಟ್ಟು ಎಲ್ಲಿಗೂ ಒಯ್ಯಲ್ಲ. ತೊಂದರೆ ಏನಂದ್ರೆ ಗುಂಡು ಒಂದು ಕಡೆ ಬೀಳ್ತಿಲ್ಲ. ಒಂದು ಮೇಲೆ ಹೋದರೆ ಇನ್ನೊಂದು ಎಡಕ್ಕೆ. ಅಮೆರಿಕದವರ ವಿಡಿಯೊಗಳಲ್ಲಿ ನೂರು ವರ್ಷ ಹಳೆಯ ಮಾದರಿಯ ಕಾಟ್ರಿಜ್‌ಗೂ (ತೋಟಾಕ್ಕೂ) ಹೊಸ ಮದ್ದು, ಹೊಸ ಗುಂಡು ಹಾಕಿ ಕೈಯಲ್ಲೇ ತುಂಬಿ, ಅಂಗಡಿ ಮಾಲಿಗಿಂತ ಚೆನ್ನಾಗಿ ಹೊಡೀತಾರೆ. ನಾವೂ ಮಾಡಬಹುದಾ? ಮಾಡಿದರೆ ಜೋರು ಜಾಸ್ತಿ ಆಗುತ್ತಾ?

ರಾಯಚೂರು ಶೂಟರ್:
ಮೊದಲು ಕಾನೂನು ತಿಳ್ಕೊಳ್ಳಿ ಸರ್. ನಿಮ್ಮ ಹತ್ತಿರ ಇರೋದು ಆಯುಧ ಇಟ್ಟುಕೊಳ್ಳುವ ಲೈಸೆನ್ಸ್. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ತೋಟಾ ತಯಾರಿಸೋಕೆ ಬೇರೆ ಲೈಸೆನ್ಸ್ ಬೇಕು. ಅದಿಲ್ಲದೆ ತಯಾರಿಸಿ ಸಿಕ್ಕಿಬಿದ್ದರೆ, 2019ರ ತಿದ್ದುಪಡಿ ಆದಮೇಲೆ, ಕನಿಷ್ಠ 7 ವರ್ಷ ಜೈಲು. ಮದ್ದು, ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸೋ ಪುಟ್ಟ ಬಿಲ್ಲೆ) ಯಾರೋ ಕೊಡ್ತೀನಿ ಅಂದರೂ ಕೈ ಹಾಕಬೇಡಿ. ತಾತನ ರೈಫಲ್ಲೂ ಹೋಗುತ್ತೆ, ಲೈಸೆನ್ಸೂ ಹೋಗುತ್ತೆ.

ಕುಷ್ಟಗಿ ಟು ಟೆಕ್ಸಾಸ್:
ಊರು ಕುಷ್ಟಗಿ, ಈಗ ಇರೋದು ಟೆಕ್ಸಾಸ್‌ನಲ್ಲಿ. ಇಲ್ಲಿ ಇದಕ್ಕೆ ಅಡ್ಡಿ ಇಲ್ಲ, ನನ್ನ 7×57 ಮೌಸರ್‌ಗೆ ನಾನೇ ತುಂಬ್ತೀನಿ. ಜಿಮ್ ಕಾರ್ಬೆಟ್‌ಗೆ ಚಂಪಾವತದ ಹುಲಿ ಹೊಡೆದದ್ದಕ್ಕೆ 1907ರಲ್ಲಿ ಬಹುಮಾನವಾಗಿ ಬಂದ .275 ರಿಗ್ಬಿ ಹಾಕಿಕೊಳ್ಳೋದು ಇದೇ ಕಾಟ್ರಿಜ್.

ಜೋರಿನ ಬಗ್ಗೆ ಕೇಳಿದ್ರಲ್ಲ, ಅದಕ್ಕೆ ಹೇಳ್ತೀನಿ. ಹಳೆ ಕಾಟ್ರಿಜ್‌ಗಳನ್ನು ಕಾರ್ಖಾನೆಯವರು ಮೆತ್ತಗೆ ತುಂಬೋದು ಬೇಕಂತಲೇ. 1890ರ ದಶಕದ ರೈಫಲ್‌ಗಳು ಇನ್ನೂ ಜನರ ಕೈಯಲ್ಲಿವೆ, ಆ ಉಕ್ಕು ಇವತ್ತಿನ ಒತ್ತಡ ತಡೆಯಲ್ಲ. ಹಾಗಾಗಿ 7×57ಕ್ಕೆ ಅಮೆರಿಕದಲ್ಲಿ ಹಾಕಿರುವ ಒತ್ತಡದ ಮಿತಿ 51,000 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಅಂತ). ಯುರೋಪಿನಲ್ಲಿ ಅದೇ ಕಾಟ್ರಿಜ್‌ಗೆ 56,000 ದಾಟುತ್ತೆ. .270 ವಿಂಚೆಸ್ಟರ್‌ಗಾದರೆ ಇಲ್ಲೇ 65,000. ಹೊಸ, ಗಟ್ಟಿ ರೈಫಲ್ ಇರುವವರು ಈ ನಡುವಿನ ಜಾಗವನ್ನೇ ಬಳಸ್ಕೊಳ್ತಾರೆ, ಅದೂ ಪರೀಕ್ಷೆ ಮಾಡಿ ಅಚ್ಚಾದ ಕೈಪಿಡಿ ಮುಂದಿಟ್ಟುಕೊಂಡು. ಹಳೆ ರೈಫಲ್ ಇದ್ದವರಿಗೆ ಆ ದಾರಿ ಇಲ್ಲವೇ ಇಲ್ಲ. ಮದ್ದು ಚೂರು ಜಾಸ್ತಿ ಆದರೆ ವೇಗ ಏರೋದು ಸ್ವಲ್ಪ, ಒತ್ತಡ ಏರೋದು ಅದಕ್ಕಿಂತ ಎಷ್ಟೋ ಪಾಲು.

ಕೈಯಲ್ಲಿ ತುಂಬೋದರ ನಿಜವಾದ ಲಾಭ ಜೋರಲ್ಲ, ಎಲ್ಲ ತೋಟಾ ಒಂದೇ ಥರ ಇರೋದು. ಮದ್ದಿನ ತೂಕ ಒಂದೇ, ಗುಂಡು ಕೂತಿರುವ ಆಳ ಒಂದೇ, ಕೇಸ್ (ಮದ್ದು ತುಂಬೋ ಹಿತ್ತಾಳೆ ಕೊಳವೆ) ಉದ್ದ ಒಂದೇ. ಗುಂಡು ಒಂದೇ ಜಾಗಕ್ಕೆ ಬೀಳೋಕೆ ಶುರುವಾಗೋದು ಆಗಲೇ.

ತೋರಣಗಲ್ಲು ಫೌಜಿ:
ಸೈನ್ಯದಲ್ಲಿ ಆಯುಧ ರಿಪೇರಿ ಕೆಲಸದಲ್ಲೇ ಇದ್ದವನು ನಾನು. ನಿಮ್ಮ .315 ಲೀ-ಎನ್‌ಫೀಲ್ಡ್ ಜಾತಿಯದು. ಅದರ ಬೋಲ್ಟ್ (ತೋಟಾದ ಹಿಂಬದಿ ಮುಚ್ಚೋ ಉಕ್ಕಿನ ಸರಳು) ಲಾಕ್ ಆಗೋದು ಹಿಂದುಗಡೆ. ಮೌಸರ್‌ನಲ್ಲಿ ಮುಂದೆ, ಚೇಂಬರ್ (ತೋಟಾ ಕೂರೋ ಜಾಗ) ಪಕ್ಕದಲ್ಲೇ. ಗುಂಡು ಹಾರುವಾಗ ಎನ್‌ಫೀಲ್ಡ್‌ನ ಬೋಲ್ಟ್ ಕೂದಲೆಳೆಯಷ್ಟು ಬಾಗುತ್ತೆ, ಅಷ್ಟಕ್ಕೇ ಹಿತ್ತಾಳೆ ಕೇಸ್ ಉದ್ದಕ್ಕೆ ಜಗ್ಗುತ್ತೆ. ಅದೇ ಕೇಸನ್ನು ಮತ್ತೆ ಮತ್ತೆ ತುಂಬಿದರೆ ಬುಡದ ಹತ್ತಿರ ತೆಳ್ಳಗಾಗಿ ಒಂದಿನ ಕಿತ್ತುಕೊಂಡು ಬರುತ್ತೆ, ಬಿಸಿ ಗಾಳಿ ಮುಖಕ್ಕೇ ನುಗ್ಗುತ್ತೆ. ರೇಂಜ್‌ನಲ್ಲಿ ಹೊಡೆದ ಮೇಲೆ ಖಾಲಿ ಕೇಸ್ ಬುಡ ನೋಡಿ. ಅಂಚಿನಿಂದ ಸ್ವಲ್ಪ ಮೇಲೆ ಸುತ್ತಲೂ ಹೊಳೆಯುವ ಗೆರೆ ಕಂಡರೆ ಹುಷಾರಾಗಿ. ಸಣ್ಣ ತಂತಿಯ ತುದಿ ಬಗ್ಗಿಸಿ ಕೇಸ್ ಒಳಗೆ ಬಿಟ್ಟು ಗೋಡೆಗೆ ಒತ್ತಿ ಮೇಲೆ ಎಳೆಯಿರಿ. ಆ ಗೆರೆ ಇರೋ ಕಡೆ ತಂತಿ ತಡೆದು ನಿಂತರೆ ಒಳಗೆ ತಗ್ಗು ಬಿದ್ದಿದೆ ಅಂತಲೇ ಅರ್ಥ. ಹೊಸ ತೋಟಾ ಒಂದೇ ಸಲ ಹೊಡೆದಾಗಲೇ ಹಾಗೆ ಕಂಡರೆ ರೈಫಲ್‌ನ ಹೆಡ್‌ಸ್ಪೇಸ್ (ಚೇಂಬರ್‌ನಲ್ಲಿ ತೋಟಾ ಕೂರೋಕೆ ಬೋಲ್ಟ್ ಬಿಡೋ ಜಾಗದ ಅಳತೆ) ಸಡಿಲ ಆಗಿದೆ. ಪರೀಕ್ಷೆ ಆಗೋವರೆಗೆ ಮುಟ್ಟಬೇಡಿ.

ಗುಂಡು ಚದುರೋದಕ್ಕೆ ತೋಟಾನೇ ಕಾರಣ ಅಂತ ಈಗಲೇ ಯಾಕೆ ಅನ್ಕೋತೀರಾ? ಮರದ ಕಟ್ಟು ಒಣಗಿ ಕುಗ್ಗಿರುತ್ತೆ, ನಮ್ಮ ಬಳ್ಳಾರಿ ಬಿಸಿಲಿಗೆ ಅದು ಮಾಮೂಲು. ಮುಂದಿನ ಸ್ಕ್ರೂ ಸಡಿಲಾಗಿದ್ರೆ ಇಡೀ ನಳಿಗೆ ಕದಲುತ್ತೆ. ನಳಿಗೆ ಬಾಯಲ್ಲಿ ಸಣ್ಣ ಪೆಟ್ಟು ಬಿದ್ದಿದ್ದರೂ ಗುಂಡು ಅಡ್ಡ ಹೋಗುತ್ತೆ. ವರ್ಷಗಟ್ಟಲೆ ಒಳಗೆ ಕೂತ ತಾಮ್ರದ ಕಿಲುಬು ಬೇರೆ. ಇದನ್ನೆಲ್ಲ ಸರಿ ಮಾಡೋಕೆ ಒಂದು ಗ್ರಾಂ ಮದ್ದೂ ಬೇಡ. ಇನ್ನೊಂದು ಮಾತು, ತೋಟಾ ಪೆಟ್ಟಿಗೆಯನ್ನು ಕಾರಿನ ಗಾಜಿನ ಹಿಂದೆ ಬಿಸಿಲಲ್ಲಿ ಬಿಡಬೇಡಿ. ಮದ್ದು ಕಾದರೆ ಒತ್ತಡ ಏರುತ್ತೆ, ಗುಂಡು ಬೀಳುವ ಜಾಗವೂ ಬದಲಾಗುತ್ತೆ.

ಕುಷ್ಟಗಿ ಟು ಟೆಕ್ಸಾಸ್:
ಫೌಜಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಜೊತೆಗೆ ಇದೊಂದು ಮಾಡಿ. ತೋಟಾ ಕೊಳ್ಳುವಾಗ ಎಲ್ಲ ಪೆಟ್ಟಿಗೆ ಒಂದೇ ಲಾಟ್ ನಂಬರಿನವು ಕೇಳಿ ತಗೊಳ್ಳಿ. ಲಾಟ್ ಬದಲಾದರೆ ಗುಂಡು ಬೀಳುವ ಜಾಗವೂ ಬದಲಾಗಬಹುದು.

ಸಂಡೂರು ಕಣಿವೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತುಂಬೋ ಯೋಚನೆ ಬಿಟ್ಟೆ. ಈಗಷ್ಟೇ ನೋಡಿದೆ, ಮುಂದಿನ ಸ್ಕ್ರೂ ಬೆರಳಲ್ಲೇ ತಿರುಗ್ತಾ ಇದೆ. ಹೊಸಪೇಟೆ ಇಲ್ಲಾ ಬಳ್ಳಾರಿ ಕಡೆ ಹೆಡ್‌ಸ್ಪೇಸ್ ಗೇಜ್ ಇಟ್ಟಿರೋ, ಲೈಸೆನ್ಸ್ ಇರೋ ರಿಪೇರಿಯವರು ಯಾರಾದ್ರೂ ಗೊತ್ತಿದ್ರೆ ಮೆಸೇಜ್ ಮಾಡಿ.