ರೊಟ್ಟಿ ಬಡಿಯೋ ಸಪ್ಪಳ, ಬಿದರಿ ಕೆಲಸದ ಫೋಟೊ: ಎರಡನ್ನೂ ಕೂಡಿಸೋದು ಹೆಂಗ?

ತೊಗರಿಹೊಲ (ಕಲಬುರಗಿ)

ಎಲ್ಲರಿಗೂ ನಮಸ್ಕಾರ ರೀ. ವಿಡಿಯೊ ಬ್ಯಾಡ, ಬರೇ ಫೋಟೊ ಮತ್ತ ಆ ಜಾಗಾದ್ದೇ ಸಪ್ಪಳ ಕೂಡಿಸಿ ಮೂರು ಮೂರು ನಿಮಿಷದ ಎರಡು ತುಣುಕು ಮಾಡೋದದ. ಒಂದು, ಮನ್ಯಾಗ ಜೋಳದ ರೊಟ್ಟಿ ಮಾಡೋದು. ಇನ್ನೊಂದು, ಕಲಬುರಗಿಯಿಂದ ಬೀದರಿಗೆ ರೈಲು ಪ್ರಯಾಣ, ಅಲ್ಲಿ ಕೋಟೆ, ಬಿದರಿ ಕೆಲಸ (ಕಪ್ಪು ಲೋಹದಾಗ ಬೆಳ್ಳಿ ಕೂಡಿಸೋ ಕಸುಬು). ಸಾಮಾನು ಇಷ್ಟು: ಕೈಯಾಗ ಹಿಡಿಯೋ ಸಣ್ಣ ಸ್ಟೀರಿಯೊ ರೆಕಾರ್ಡರ್, ಅದರ ಜೊತಿ ಬಂದ ಸ್ಪಂಜಿನ ಟೊಪ್ಪಿಗಿ, ಮಿರರ್‌ಲೆಸ್ ಕ್ಯಾಮೆರಾ, 35 ಎಂಎಂ ಲೆನ್ಸು.

ಪರೀಕ್ಷೆಗಂತ ಮಾಡಿದ್ದರಾಗ ಮೂರು ತೊಂದರಿ ಕಂಡಾವ. ಅಡಿಗಿ ಮನ್ಯಾಗ ರೊಟ್ಟಿ ಸಪ್ಪಳಕ್ಕಿಂತ ‘ಗುಂಯ್’ ಅನ್ನೋದೇ ಜೋರು. ಕೋಟೆ ಗ್ವಾಡಿ ಮ್ಯಾಲ ಸ್ಪಂಜ್ ಹಾಕಿದ್ರೂ ಗಾಳಿ ಬುರ್ರಂತ ಹೊಡೀತದ. ಮೂರನೇದು, ಫೋಟೊ ಒಂದು ಕಡಿ, ಸಪ್ಪಳ ಒಂದು ಕಡಿ ಆಗಿ ಎರಡೂ ಹೊಂದವಲ್ವು, ನಡಬರಕ ಕ್ಯಾಮೆರಾದ ಕ್ಲಿಕ್ ಬ್ಯಾರೆ. ತಿಳಿದವರು ಬಿಡಿಸಿ ಹೇಳ್ರಿ.

ಕಿವಿಮಾತು

ಮೊದಲು ಒಂದು ಮಾತು: ಧ್ವನಿ ಮತ್ತು ಫೋಟೊ ಎರಡನ್ನೂ ಒಂದೇ ಹೊತ್ತಿಗೆ ತೆಗೆಯಬೇಡಿ. ಮೊದಲ ನಾಲ್ಕು ರೊಟ್ಟಿ ಧ್ವನಿಗೆ, ಮುಂದಿನ ನಾಲ್ಕು ರೊಟ್ಟಿ ಫೋಟೊಕ್ಕೆ. ಕ್ಲಿಕ್ ತೊಂದರೆ ಅಲ್ಲೇ ಮುಗಿಯಿತು. ಧ್ವನಿ ಮೊದಲು ತೆಗೆದರೆ ಕೆಲಸದ ಲಯ ಕಿವಿಗೆ ಕೂರುತ್ತದೆ, ಆಮೇಲೆ ಯಾವ ಕ್ಷಣಕ್ಕೆ ಕ್ಯಾಮೆರಾ ಎತ್ತಬೇಕೆಂದು ತಾನಾಗಿ ತಿಳಿಯುತ್ತದೆ.

‘ಗುಂಯ್’ ಅನ್ನುವುದು ಬಹುಪಾಲು ಫ್ರಿಜ್ಜಿನದು, ಉಳಿದದ್ದು ಫ್ಯಾನು ಮತ್ತು ಹಳೆಯ ಟ್ಯೂಬ್‌ಲೈಟಿನ ಚೋಕಿನದು. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಆ ಗುಂಯ್‌ಗುಡುವಿಕೆ 50, 100, 150 ಹೀಗೆ ಮೇಲಕ್ಕೆ ಹಬ್ಬಿರುತ್ತದೆ. ರೊಟ್ಟಿ ಬಡಿತದ ದಪ್ಪ ಸದ್ದೂ ಅದೇ ಸುತ್ತಿನಲ್ಲಿ ಇರುವುದರಿಂದ ಆಮೇಲೆ ಶುಚಿ ಮಾಡಲು ಹೋದರೆ ರೊಟ್ಟಿಯೇ ಸವೆಯುತ್ತದೆ. ಫ್ರಿಜ್ಜಿನ ಸ್ವಿಚ್ ತೆಗೆದುಬಿಡಿ, ಬೈಕಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡಿ. ಹೊರಡುವಾಗ ಸ್ವಿಚ್ ಮರೆಯುವುದಿಲ್ಲ.

ರೆಕಾರ್ಡರನ್ನು ರೊಟ್ಟಿ ಬಡಿಯುವ ಕಟ್ಟೆಯ ಮೇಲೇ ಇಟ್ಟರೆ ಪ್ರತಿ ಬಡಿತವೂ ಕಲ್ಲಿನ ಮೂಲಕ ಹತ್ತಿ ‘ಧಡ್’ ಎಂದು ಬೀಳುತ್ತದೆ. ಬೇರೆ ಸ್ಟೂಲಿನ ಮೇಲೆ ನಾಲ್ಕು ಮಡಿಕೆಯ ಟವೆಲ್ ಹಾಸಿ, ಕೈಗಳಿಂದ 30–40 ಸೆಂ.ಮೀ. ದೂರದಲ್ಲಿ, ಪಕ್ಕದಿಂದ ಇಡಿ. ನೇರ ಮೇಲೆ ಬೇಡ, ಹಿಟ್ಟು ಹಾರುತ್ತದೆ. ಹಂಚಿನ ಹತ್ತಿರವಾದರೆ ಅರ್ಧ ಮೀಟರಿಗಿಂತ ಒಳಗೆ ಹೋಗಬಾರದು, ಹಬೆ ಮೈಕಿಗೆ ಕೆಟ್ಟದ್ದು. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸದ್ದು 6 ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಇಳಿಯುತ್ತದೆ. ಕೋಣೆಯಲ್ಲಿ ಇಳಿತ ತುಸು ಕಡಿಮೆ, ಆದರೆ ಸುತ್ತಲಿನ ಗದ್ದಲ ಇದ್ದಷ್ಟೇ ಇರುತ್ತದೆ. ಹತ್ತಿರ ಹೋಗುವುದಕ್ಕಿಂತ ಒಳ್ಳೆಯ ಫಿಲ್ಟರ್ ಇಲ್ಲ.

ಸೆಟ್ಟಿಂಗ್: ವೇವ್ ಫೈಲು, 48 ಕಿಲೋಹರ್ಟ್ಸ್, 24 ಬಿಟ್. ಸ್ಟೀರಿಯೊದಲ್ಲಿ ನಿಮಿಷಕ್ಕೆ ಸುಮಾರು 17 ಎಂಬಿ, ಗಂಟೆಗೆ 1 ಜಿಬಿಗಿಂತ ತುಸು ಹೆಚ್ಚು. ಆಟೊ ಲೆವೆಲ್ (ಸದ್ದಿನ ಮಟ್ಟವನ್ನು ರೆಕಾರ್ಡರ್ ತಾನೇ ಹೊಂದಿಸುವುದು) ಆಫ್ ಇರಲಿ. ಆನ್ ಇದ್ದರೆ ಎರಡು ಬಡಿತಗಳ ನಡುವಿನ ಮೌನದಲ್ಲಿ ಅದು ಲೆವೆಲ್ ಎತ್ತುತ್ತದೆ, ಹಿಂದಿನ ಗದ್ದಲ ಉಸಿರಾಡಿದ ಹಾಗೆ ಏರಿಳಿಯುತ್ತದೆ. ಅತಿ ಜೋರಿನ ಬಡಿತ ರೆಕಾರ್ಡರಿನ ಮೀಟರಿನಲ್ಲಿ ಮೈನಸ್ 12 ಡಿಬಿ ಹತ್ತಿರ (ಸೊನ್ನೆ ಅಂದರೆ ಗರಿಷ್ಠ ಮಿತಿ) ನಿಲ್ಲುವಂತೆ ಕೈಯಿಂದಲೇ ಹೊಂದಿಸಿ.

ಏನೇನು ಹಿಡಿಯಬೇಕು ಅಂದರೆ: ಹಿಟ್ಟಿಗೆ ಕುದಿನೀರು ಬೀಳುವುದು, ನಾದುವುದು, ಬಡಿಯುವುದು. ಉಂಡೆ ದಪ್ಪ ಇದ್ದಾಗ ಬರುವ ಮೊಂಡು ಸದ್ದು ರೊಟ್ಟಿ ಅಗಲವಾದಂತೆ ತೆಳ್ಳಗೆ, ಚುರುಕಾಗಿ ‘ಪಟಪಟ’ ಆಗುತ್ತದೆ. ಆದ್ದರಿಂದ ಒಂದು ಪೂರ್ತಿ ರೊಟ್ಟಿಯನ್ನು ಎಲ್ಲೂ ನಿಲ್ಲಿಸದೆ ಹಿಡಿಯಿರಿ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರುವಾಗಿನ ‘ಚುಂಯ್’ ಬಿಡಬೇಡಿ. ಬಳೆ ಸಪ್ಪಳ ಬರುತ್ತದೆಂದು ಬಳೆ ತೆಗೆಸಬೇಡಿ, ಅದೇ ಈ ಕೆಲಸದ ತಾಳ. ಕೊನೆಗೆ ಯಾರೂ ಮಾತಾಡದೆ, ಏನೂ ಮಾಡದೆ ಆ ಕೋಣೆಯ ಒಂದು ನಿಮಿಷ. ಎಡಿಟಿಂಗಿನಲ್ಲಿ ಕಿಂಡಿ ಮುಚ್ಚುವುದಕ್ಕೆ ಅದು ಬೇಕೇ ಬೇಕು.

ಗಾಳಿಗೆ ಸ್ಪಂಜ್ ಸಾಲದು, ಅದು ಬಾಯಿಯ ಉಸಿರಿಗೆ ಮಾತ್ರ. ಅದರ ಮೇಲೆ ಉದ್ದ ಕೂದಲಿನ ತುಪ್ಪಳದ ಕವರ್ ಹಾಕಿ, ಲೋ ಕಟ್ (ದಪ್ಪ ಸದ್ದು ತಡೆಯುವ ಫಿಲ್ಟರ್) 80 ಹರ್ಟ್ಸ್‌ಗೆ ಇಡಿ, ಗೋಡೆಯ ಮರೆಯಲ್ಲಿ ಗಾಳಿಗೆ ಬೆನ್ನು ಮಾಡಿ ನಿಲ್ಲಿ. ಗಾಳಿಯ ಹೊಡೆತಕ್ಕೆ ಲೆವೆಲ್ ಮಿತಿ ಮೀರಿ ಸದ್ದು ಒಮ್ಮೆ ಒಡೆದರೆ ಮತ್ತೆ ಯಾವ ಸಾಫ್ಟ್‌ವೇರಿನಿಂದಲೂ ಬರುವುದಿಲ್ಲ.

ರೈಲಿನಲ್ಲಿ ರೆಕಾರ್ಡರನ್ನು ಕಿಟಕಿಗಾಗಲಿ ಸೀಟಿಗಾಗಲಿ ತಾಗಿಸದೆ ಕೈಯಲ್ಲೇ ಸಡಿಲವಾಗಿ ಹಿಡಿಯಿರಿ, ಬೆರಳು ಆಡಿಸಬಾರದು. ದಾರಿಯಲ್ಲಿ ಮರಗುತ್ತಿ ಸುರಂಗ ಬರುವ ಮೊದಲೇ ಲೆವೆಲ್ 10 ಡಿಬಿ ಇಳಿಸಿಡಿ, ಒಳಗೆ ಹೋದ ಕೂಡಲೇ ಸದ್ದು ನಾಲ್ಕೂ ಕಡೆಯಿಂದ ಕವಿಯುತ್ತದೆ. ಬಾಗಿಲಲ್ಲಿ ನಿಂತು ರೆಕಾರ್ಡ್ ಮಾಡುವುದು ಬೇಡವೇ ಬೇಡ.

ಸತುವುಬೆಳ್ಳಿ (ಬೀದರ್)

ಬಿದರಿ ಕೆಲಸದಲ್ಲಿ ಒಂದು ವಿಚಿತ್ರವಿದೆ, ಅದನ್ನು ಮೊದಲೇ ತಿಳಿದು ಹೋಗಿ. ಸದ್ದು ಹೆಚ್ಚಿರುವ ಹಂತದಲ್ಲಿ ನೋಡಲು ಕಡಿಮೆ, ನೋಡಲು ಹೆಚ್ಚಿರುವ ಹಂತದಲ್ಲಿ ಸದ್ದೇ ಇಲ್ಲ. ಸತುವಿಗೆ ತುಸು ತಾಮ್ರ ಬೆರೆಸಿದ ಎರಕಕ್ಕೆ ಅರ ಹಾಕುವಾಗ ಕಿವಿ ತುಂಬುತ್ತದೆ. ಆಮೇಲೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ, ಆ ಕಪ್ಪಿನ ಮೇಲೆ ಉಳಿಯ ಗೆರೆ ಬೆಳ್ಳಗೆ ಕಾಣುತ್ತದೆ. ಬೆಳ್ಳಿ ತಂತಿ ಕೂರಿಸಿ ಉಜ್ಜಿದ ಮೇಲೆ ಲೋಹವೂ ಬೆಳ್ಳಿಯೂ ಒಂದೇ ಬಣ್ಣವಾಗಿ ಚಿತ್ತಾರ ಹೆಚ್ಚುಕಡಿಮೆ ಮರೆಯಾಗುತ್ತದೆ. ಕಡೆಗೆ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರು ಬಿಸಿ ಸಾಮಾನಿಗೆ ತಾಗಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಒಂದೇ ಸಾಮಾನನ್ನು ಒಂದೇ ಕೋನದಿಂದ, ಪ್ರತಿ ಹಂತದಲ್ಲೂ ತೆಗೆಯಿರಿ. ಎಲ್ಲ ಹಂತ ಒಂದೇ ದಿನ ಸಿಗಲಾರದು, ಮೊದಲೇ ಕೇಳಿಕೊಂಡು ದಿನ ಗೊತ್ತು ಮಾಡಿ.

ಮುಗಿದ ಸಾಮಾನಿಗೆ ಕ್ಯಾಮೆರಾದ ಬೆಳಕಿನ ಅಳತೆ ನಂಬಬೇಡಿ. ಕಪ್ಪನ್ನು ಕಂಡು ಅದು ಬೆಳಕು ಹೆಚ್ಚಿಸುತ್ತದೆ, ಕಪ್ಪು ಬೂದಿಯಾಗುತ್ತದೆ, ಬೆಳ್ಳಿ ಸುಟ್ಟು ಬಿಳಿಯಾಗುತ್ತದೆ. ಎಕ್ಸ್‌ಪೋಷರ್ ಮೈನಸ್ 1 ಇಟ್ಟು ಶುರು ಮಾಡಿ. ಫ್ಲ್ಯಾಶ್ ಬೇಡ, ಪಕ್ಕದ ಕಿಟಕಿ ಬೆಳಕಿಗೆ ಎದುರಾಗಿ ಬಿಳಿ ಥರ್ಮೊಕೋಲ್ ಹಿಡಿದರೆ ಸಾಕು.

ಕ್ಲಿಕ್ ತಪ್ಪಿಸಲು ಸೈಲೆಂಟ್ ಶಟರ್ ಬಳಸುವವರಿಗೆ ಒಂದು ಎಚ್ಚರಿಕೆ. ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಸೈಲೆಂಟ್ ಶಟರಿನಲ್ಲಿ 1/500 ಸೆಕೆಂಡ್ ಇಟ್ಟರೆ ಫೋಟೊ ತುಂಬ ಅಡ್ಡಪಟ್ಟೆ. 1/50 ಅಥವಾ 1/100ರಲ್ಲಿ ಪಟ್ಟೆ ಬರುವುದಿಲ್ಲ, ಆದರೆ ಸುತ್ತಿಗೆ ಅಲುಗುತ್ತದೆ. ಸುತ್ತಿಗೆ ನಿಂತಂತೆ ಬೇಕಾದರೆ ದೀಪ ಆರಿಸಿ ಹಗಲ ಬೆಳಕಿನಲ್ಲಿ ತೆಗೆಯಿರಿ, ಇಲ್ಲವೇ ಮೇಲೆ ಹೇಳಿದ ಹಾಗೆ ಧ್ವನಿ ಮುಗಿಸಿ ಮೆಕ್ಯಾನಿಕಲ್ ಶಟರಿಗೆ ಹೋಗಿ. ಎಲ್ಲ ಫೋಟೊ ಅಡ್ಡಡ್ಡಲೇ ಇರಲಿ.

ತೊಗರಿಹೊಲ (ಕಲಬುರಗಿ)

ಭಾಳ ಉಪಕಾರ ಆಯ್ತು ರೀ ಇಬ್ಬರದೂ. ಕಲಬುರಗಿ ಕೋಟೆ ಒಳಗಿನ ಜಾಮಿ ಮಸೀದಿದೂ ಸ್ವಲ್ಪ ಸೇರಿಸಬೇಕಂತದ. ಅಲ್ಲಿ ಟ್ರೈಪಾಡ್ ನಡೀತದೇನ್ರಿ? ಮತ್ತ ಕೂಡಿಸೋ ಕೆಲಸ ಹೆಂಗ, ಅದನ್ನೂ ಯಾರರೆ ಹೇಳ್ರಿ.

ಬೋನಾಳಕೆರೆ (ಸುರಪುರ)

ಟ್ರೈಪಾಡಿಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು, ಕೈಯಲ್ಲಿ ಹಿಡಿದು ತೆಗೆಯುವುದಕ್ಕೂ ಒಳಗೆ ಒಮ್ಮೆ ಕೇಳಿಯೇ ತೆಗೆಯಿರಿ. 1367ರ ಆ ಮಸೀದಿಗೆ ತೆರೆದ ಅಂಗಳವಿಲ್ಲ, ಪೂರ್ತಿ ಗುಮ್ಮಟ-ಕಮಾನುಗಳ ಸೂರು, ಹಾಗಾಗಿ ಸದ್ದು ಗುಂಗುಡುತ್ತದೆ. ಮಾತು ಸ್ಪಷ್ಟ ಬೇಕಾದರೆ ಮೈಕು ಬಾಯಿಂದ ಒಂದು ಅಡಿಯೊಳಗಿರಲಿ. ಜಾಗದ ಗುಂಗೇ ಬೇಕಾದರೆ ದೂರ ನಿಂತು, ಪಾರಿವಾಳವೋ ಹೆಜ್ಜೆಯೋ ಸದ್ದು ಮಾಡಿದ ಮೇಲೆ ಅದು ಪೂರ್ತಿ ಅಡಗುವ ತನಕ ಕಾಯಿರಿ.

ಕೂಡಿಸುವಾಗ ಮೊದಲು ಧ್ವನಿಯನ್ನಷ್ಟೇ ಮೂರು ನಿಮಿಷಕ್ಕೆ ಕಟ್ಟಿ, ಕಣ್ಣು ಮುಚ್ಚಿ ಕೇಳಿ. ಫೋಟೊ ಇಲ್ಲದೆಯೂ ಕೆಲಸ ಅರ್ಥವಾಗಬೇಕು. ಖಾಲಿ ಕೋಣೆಯ ಆ ಒಂದು ನಿಮಿಷವನ್ನು ಕೆಳಗೆ ಉದ್ದಕ್ಕೂ ಹಾಸಿ, ಜೋಡಣೆಗಳಿಗೆ ಎರಡು ಸೆಕೆಂಡ್ ಕ್ರಾಸ್‌ಫೇಡ್ (ಒಂದು ಸದ್ದು ಇಳಿಯುತ್ತ ಇನ್ನೊಂದು ಏರುವುದು) ಕೊಡಿ. ಆಮೇಲೆ 25–30 ಫೋಟೊ. ಸರಾಸರಿ ಆರೇಳು ಸೆಕೆಂಡ್ ಅಂತ ಎಲ್ಲಕ್ಕೂ ಸಮ ಹಂಚಬೇಡಿ: ರೊಟ್ಟಿ ಬಡಿತಕ್ಕೆ ಮೂರು ಮೂರು ಸೆಕೆಂಡ್, ಬಿದರಿ ಕಪ್ಪಾಗುವ ಫೋಟೊಕ್ಕೆ ಹನ್ನೆರಡು ಸೆಕೆಂಡ್ ನಿಲ್ಲಿಸಬಹುದು. ಮುಂದಿನ ಜಾಗದ ಸದ್ದು ಅದರ ಫೋಟೊಕ್ಕಿಂತ ಒಂದೆರಡು ಸೆಕೆಂಡ್ ಮೊದಲೇ ಬರಲಿ, ನೋಡುವವರ ಮನಸ್ಸು ಆಗಲೇ ಅಲ್ಲಿಗೆ ಹೋಗಿರುತ್ತದೆ.

ಅರದ ಸದ್ದನ್ನು ಬೆಳ್ಳಿ ಕೂರಿಸುವ ಫೋಟೊದ ಕೆಳಗೆ ಹಾಕಬೇಡಿ. ಆ ಕಸುಬಿನವರು ಕೇಳಿದ ತಕ್ಷಣ ಗುರುತಿಸುತ್ತಾರೆ, ನಂಬಿಕೆ ಹೋಗುತ್ತದೆ. ಮೇಲೆ ಸಿನಿಮಾ ಸಂಗೀತವೂ ಬೇಡ.

ಆಡಾಸಿಟಿ ಎಂಬ ಧ್ವನಿ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಗದ್ದಲ ಇಳಿಸುವಾಗ ಮಾದರಿಗೆ ಅದೇ ಖಾಲಿ ನಿಮಿಷ ಕೊಡಿ, ಆದರೆ 6 ಡಿಬಿ ಸಾಕು. 12ಕ್ಕೆ ಹೋದರೆ ದನಿ ನೀರೊಳಗಿಂದ ಬಂದ ಹಾಗೆ ಗುಳುಗುಳು ಆಗಬಹುದು. ಕಡೆಗೆ ಒಟ್ಟು ಲೌಡ್‌ನೆಸ್ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಕೇಳುವ ಸರಾಸರಿ ಜೋರಿನ ಅಳತೆ), ಟ್ರೂ ಪೀಕ್ (ಅತಿ ಎತ್ತರದ ಸದ್ದು) ಮೈನಸ್ 1 ಡಿಬಿ. ಹೆಡ್‌ಫೋನಿನಲ್ಲಿ ಒಮ್ಮೆ, ಮೊಬೈಲ್ ಸ್ಪೀಕರಿನಲ್ಲಿ ಒಮ್ಮೆ ಕೇಳಿ. ಮೊಬೈಲಿನಲ್ಲಿ ನಾದುವ ಸದ್ದು ಮಾಯವಾದರೆ ಅದರ 200–400 ಹರ್ಟ್ಸ್ ಭಾಗವನ್ನು 3 ಡಿಬಿ ಎತ್ತಿ.