ಕೊಕ್ಕರೆ, ಬಕ, ಬೆಳ್ಳಕ್ಕಿ: ಕೊಳದ ಮೀನು ತಿನ್ನುವ ಹಕ್ಕಿಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಹಿತ್ತಲಲ್ಲಿ ತಾವರೆ ಕೊಳ ಮಾಡಿ ಮೀನು ಬಿಟ್ಟವರಿಗಾಗಿ ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಹಕ್ಕಿಗಳ ಹೆಸರಿನ ಹತ್ತಿರ ಕೈ ನಿಂತಿದೆ. ‘ಮೀನೆಲ್ಲ ಕೊಕ್ಕರೆ ಪಾಲಾಯ್ತು’ ಎಂದು ಯಾರಾದರೂ ಹೇಳಿದರೆ ಅದು ಯಾವ ಹಕ್ಕಿ?

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಗೂಡು ಕಟ್ಟುವುದು ಬಣ್ಣದ ಕೊಕ್ಕರೆ. ಕತ್ತು ಚಾಚಿಕೊಂಡು ಹಾರುವ ದೊಡ್ಡ ಹಕ್ಕಿ ಅದು. ಹಿತ್ತಲಿಗೆ ಬರುವುದು ಹೆಚ್ಚಾಗಿ ಕೊಳದ ಬಕ. ಇದು ಗಾತ್ರದಲ್ಲಿ ಚಿಕ್ಕದು, ಕತ್ತು ಮಡಿಚಿಕೊಂಡು ಹಾರುತ್ತದೆ. ಕೂತಾಗ ಬೆನ್ನೆಲ್ಲ ಮಣ್ಣಿನ ಬಣ್ಣ, ಎದೆ ಮೇಲೆ ಗೀರು ಗೀರು. ಕಲ್ಲಿನ ಪಕ್ಕ ನಿಂತರೆ ಗೊತ್ತೇ ಆಗುವುದಿಲ್ಲ. ಎದ್ದು ಹಾರಿದರೆ ರೆಕ್ಕೆ ಅಚ್ಚ ಬಿಳಿ! ಅದಕ್ಕೇ ಇರಬೇಕು, ಇದನ್ನೂ ಬೆಳ್ಳಕ್ಕಿ ಎನ್ನುವವರಿದ್ದಾರೆ. ‘ಬಕಪಕ್ಷಿ ಥರ ಕಾಯ್ತಾ ಇದೀನಿ’ ಎಂದು ದಿನಾ ಹೇಳುತ್ತೇವೆ. ಕಣ್ಣೆದುರು ನಿಂತ ಹಕ್ಕಿಯನ್ನು ಬಕ ಎನ್ನುವವರು ಮಾತ್ರ ಕಡಿಮೆ, ಅಲ್ವಾ?

ಹೆಸರಿಗೆ ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಇದೆ. ಬಕ ದಡದಲ್ಲೋ ತೆಳು ನೀರಲ್ಲೋ ಅಲ್ಲಾಡದೆ ನಿಂತು ಗಬಕ್ಕನೆ ಕುಕ್ಕುತ್ತದೆ. ಕೊಳದ ಅಂಚು ಇಳಿಜಾರಾಗಿರದೆ ನೆಟ್ಟಗಿದ್ದು, ನೀರು ಆಳವಾಗಿದ್ದರೆ ಅದಕ್ಕೆ ಕಾಲೂರಲು ಜಾಗ ಸಿಗುವುದು ಕಷ್ಟ. ಮಿಂಚುಳ್ಳಿಗೆ ಕಾಲೂರುವ ಹಂಗೇ ಇಲ್ಲ, ಮೇಲಿಂದ ಧುಮುಕುತ್ತದೆ. ನೀರಿನ ಮೇಲೆ ಬಾಗಿದ ಕೊಂಬೆ ಕಡಿದರೆ ಅದರ ಕಾಟ ಸ್ವಲ್ಪ ತಗ್ಗುತ್ತದೆ. ನೀರುಕಾಗೆಯಂತೂ ನೀರೊಳಗೇ ಮುಳುಗಿ ಅಟ್ಟಿಸಿಕೊಂಡು ಹೋಗಿ ಹಿಡಿಯುತ್ತದೆ. ಅದಕ್ಕೆ ಬಲೆಯೇ ಗತಿ. ಸುಮ್ನೆ ‘ಕೊಕ್ಕರೆ’ ಎಂದು ಬರೆದುಬಿಟ್ಟರೆ ಓದಿದವರು ಯಾವ ಉಪಾಯ ಮಾಡಬೇಕು? ನನ್ನ ಮನಸ್ಸು ‘ಬಕ’ದ ಕಡೆಗೇ ಇದೆ. ಪುಸ್ತಕದ ಮಾತು ಎನ್ನಿಸಿ ಜನಕ್ಕೆ ದೂರವಾದೀತೇ ಎಂಬ ಅಳುಕು ಮಾತ್ರ ಇದೆ.

ಬಲೆಯ ವಿಷಯದಲ್ಲೂ ಒಂದು ತೊಡಕು. ‘ಹಕ್ಕಿಬಲೆ’ ಎಂದರೆ ಹಕ್ಕಿ ಹಿಡಿಯುವ ಬಲೆ ಎಂದೇ ಕಿವಿಗೆ ಕೇಳುತ್ತದೆ. ಈ ಹಕ್ಕಿಗಳನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಅಪಾರ್ಥಕ್ಕೆ ಜಾಗ ಇರಬಾರದು. ಕೊಳದ ಮೇಲಿನ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟಬೇಕು. ಸಡಿಲ ಬಿಟ್ಟರೆ ಹಕ್ಕಿಯ ಕಾಲೋ ರೆಕ್ಕೆಯೋ ಸಿಕ್ಕಿಕೊಳ್ಳುತ್ತದೆ, ಅದು ಒದ್ದಾಡಿ ಸಾಯುತ್ತದೆ. ‘ಹೊದಿಕೆ ಬಲೆ’ ಅನ್ನಬಹುದೇ? ದ್ರಾಕ್ಷಿ ತೋಟದವರೂ ಇಂಥದ್ದೇ ಬಲೆ ಹಾಕುತ್ತಾರಲ್ಲ, ವಿಜಯಪುರದ ಕಡೆಯವರು ಅದಕ್ಕೆ ಏನೆನ್ನುತ್ತಾರೆ?

ಕರಾವಳಿ, ಮಲೆನಾಡಿನವರು ಈ ಮಣ್ಣು ಬಣ್ಣದ ಬಕಕ್ಕೆ ಮನೆಯಲ್ಲಿ ಕರೆಯುವ ಹೆಸರನ್ನೂ ತಿಳಿಸಿ. ಊರಿನ ಹೆಸರೂ ಜೊತೆಗಿರಲಿ.