ಪೋರ್ಟೊ ವಯಾರ್ಟಾದಲ್ಲಿ ನೆಲೆಸುವ ಬಗ್ಗೆ ಮಾಹಿತಿ ಬೇಕು

ಪ್ರಶ್ನೆ: ನಿವೃತ್ತಿಯ ನಂತರ ನಾನೂ ನನ್ನ ಪತ್ನಿಯೂ ಮೆಕ್ಸಿಕೋದ ಪೆಸಿಫಿಕ್ ತೀರದ ಪೋರ್ಟೊ ವಯಾರ್ಟಾದಲ್ಲಿ, ವಿದೇಶೀಯರು ಹೆಚ್ಚಾಗಿರುವ ಬಡಾವಣೆಯೊಂದರಲ್ಲಿ ನೆಲೆಸಬೇಕೆಂದಿದ್ದೇವೆ. ಅಲ್ಲಿನ ನೀರು, ವಿದ್ಯುತ್ತಿನ ವ್ಯವಸ್ಥೆ ಹೇಗಿದೆ, ಕಡಲ ಸಮೀಪ ನಮ್ಮಂಥವರು ಮನೆ ಕೊಳ್ಳಬಹುದೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಲ್ಲಿಯ ನೀರು ಮಾಳಿಗೆಯ ಮೇಲಿನ ‘ಟಿನಾಕೊ’ ಎಂಬ ಟ್ಯಾಂಕಿಗೆ ಏರಿ ಸ್ನಾನಕ್ಕೂ ಬಟ್ಟೆ ಒಗೆಯುವುದಕ್ಕೂ ಬಳಕೆಯಾಗುತ್ತದೆ, ಕುಡಿಯಲು ಸಾಮಾನ್ಯವಾಗಿ 20 ಲೀಟರಿನ ಕ್ಯಾನು ತರಿಸುತ್ತಾರೆ, ಖಾಲಿ ಕ್ಯಾನು ಕೊಟ್ಟರೆ ತುಂಬಿದ್ದು ಸಿಗುತ್ತದೆ. ನಿಜವಾದ ತಲೆನೋವು ವಿದ್ಯುತ್ತಿನದು. ಮನೆಗಳಿಗೆ ಬಿಲ್ಲು ಸಾಮಾನ್ಯವಾಗಿ ಎರಡು ತಿಂಗಳಿಗೊಮ್ಮೆ ಬರುತ್ತದೆ. ಹಿಂದಿನ 12 ತಿಂಗಳ ಸರಾಸರಿ ಬಳಕೆಯು ಆ ಪ್ರದೇಶಕ್ಕೆ ಗೊತ್ತುಪಡಿಸಿದ ಮಿತಿಯನ್ನು ದಾಟಿದರೆ ಸಬ್ಸಿಡಿ ತಪ್ಪಿಹೋಗಿ, ಮನೆಯು ‘ಡಿಎಸಿ’ ಎಂಬ ದುಬಾರಿ ದರಕ್ಕೆ ಒಳಪಡುತ್ತದೆ. ಹಗಲಿರುಳು ಎಸಿ ಹಾಕುವವರಿಗೆ ಇದು ಬೇಗನೆ ಅರಿವಾಗುತ್ತದೆ! ಬಾಡಿಗೆಗೆ ಒಪ್ಪುವ ಮುನ್ನ ಹಳೆಯ ಬಿಲ್ಲನ್ನು ಕೇಳಿ ಪಡೆದು, ಅದರಲ್ಲಿ ನಮೂದಾಗಿರುವ ದರವನ್ನು ನೋಡಿರಿ. ನನ್ನ ಮಟ್ಟಿಗೆ ಸಮುದ್ರದ ನೋಟಕ್ಕಿಂತ ಅದೇ ಮುಖ್ಯ.

ಉತ್ತರ 2: ಕಡಲತೀರದಿಂದ 50 ಕಿಲೋಮೀಟರಿನೊಳಗೆ ವಿದೇಶೀಯರು ಜಮೀನಿನ ನೇರ ಒಡೆತನ ಹೊಂದುವುದನ್ನು ಅಲ್ಲಿನ ಸಂವಿಧಾನದ 27ನೆಯ ವಿಧಿ ನಿರ್ಬಂಧಿಸುತ್ತದೆ. ವಾಸದ ಮನೆಗಾದರೆ ‘ಫಿದೇಯ್ಕೊಮಿಸೊ’ ಎಂಬ ಟ್ರಸ್ಟಿನ ದಾರಿಯಿದೆ: ಹಕ್ಕುಪತ್ರ ಬ್ಯಾಂಕಿನ ಹೆಸರಿನಲ್ಲಿದ್ದು, ವಾಸಿಸುವ, ಬಾಡಿಗೆಗೆ ಕೊಡುವ, ಮಾರುವ ಹಕ್ಕುಗಳೆಲ್ಲ ನಿಮ್ಮವಾಗಿರುತ್ತವೆ. ಇದರ ಅವಧಿ 50 ವರ್ಷ, ನವೀಕರಣಕ್ಕೂ ಅವಕಾಶವಿದೆ. ಬ್ಯಾಂಕಿಗೆ ವರ್ಷವರ್ಷವೂ ಶುಲ್ಕ ಕಟ್ಟಬೇಕು. ‘ಎಹಿದೊ’ ಎಂಬ ಸಮುದಾಯದ ಜಮೀನನ್ನು ಯಾರಾದರೂ ಅಗ್ಗವಾಗಿ ಕೊಡಲು ಬಂದರೆ ದೂರವಿರಿ.

ಉತ್ತರ 3: ಕೊಳ್ಳುವ ಮಾತು ಆಮೇಲಿರಲಿ. ಜೂನಿನಿಂದ ಅಕ್ಟೋಬರಿನವರೆಗಿನ ಮಳೆ, ಸೆಖೆ, ಚಂಡಮಾರುತದ ಕಾಲವನ್ನು ಒಮ್ಮೆ ಬಾಡಿಗೆ ಮನೆಯಲ್ಲೇ ಕಳೆದು ನೋಡಿರಿ. ನಿವಾಸಿ ವೀಸಾ ಪಡೆದು ಹೋಗುವುದಾದರೆ, ದೇಶ ಪ್ರವೇಶಿಸಿದ 30 ದಿನಗಳೊಳಗೆ ವಲಸೆ ಕಚೇರಿಯಲ್ಲಿ ನಿವಾಸಿ ಕಾರ್ಡಿಗೆ ಅರ್ಜಿ ಸಲ್ಲಿಸಬೇಕಾಗುತ್ತದೆ.